ಬಯಕೆಯ ನೇರಳೆ

"ಅತ್ತೇ, ರಕ್ತ ತುಂಬ ಕಡಿಮೆ ಇದೆಯಂತೆ. ನೇರಳೆ ಹಣ್ಣು ತಿಂದ್ರೆ ಒಳ್ಳೇದು ಅಂದ್ರು ನರ್ಸಮ್ಮ. ನನಗೂ ಆಸೆಯಾಗಿದೆ," ಎಂದಳು ತುಂಬು ಬಸುರಿ ಸೊಸೆ.

"ಬಸುರೀಲಿ ನೇರಳೆ ತಿಂದ್ರೆ ಮಗು ಕಪ್ಪಗೆ ಹುಟ್ಟುತ್ತೆ. ನಾಳೆ ಹೆಣ್ಣಾದ್ರೆ ಗಂಡು ಹುಡುಕೋಳು ನಿನ್ನ ನರ್ಸಮ್ಮನಾ?"

ಮಗ ಬಚ್ಚಿಟ್ಟು ತಂದ ಹಣ್ಣನ್ನೂ ಅತ್ತೆ ಚರಂಡಿಗೆ ಸುರಿದರು.

ಹುಟ್ಟಿದ ಮಗು ಅವರು ಬಯಸಿದಷ್ಟೇ ಬೆಳ್ಳಗಿತ್ತು.

ನೇರಳೆಯ ಕಾಲ ಇನ್ನೂ ಮುಗಿದಿರಲಿಲ್ಲ. ಅತ್ತೆ ತಾವೇ ಸಂತೆಗೆ ಹೋಗಿ, ಕೂತು, ಒಂದೊಂದೇ ಹಣ್ಣು ಆರಿಸಿದರು.

"ಯಾರಿಗಮ್ಮಾ, ಇಷ್ಟು ನೋಡಿ ನೋಡಿ ಆರಿಸ್ತಿದ್ದೀರಾ?" ಹಣ್ಣಿನವಳು ಕೇಳಿದಳು.

"ಸೊಸೆಗೆ ಕಣಮ್ಮಾ. ಅವಳಿಗೆ ಇದಂದ್ರೆ ತುಂಬ ಇಷ್ಟ."

ಮನೆಗೆ ಬಂದು ಹಣ್ಣು ತೊಳೆದರು. ಎಡೆಯ ಎಲೆಯಲ್ಲಿ ವಡೆ, ಪಾಯಸದ ಪಕ್ಕಕ್ಕೆ ಸುರಿದು, ತಾರಸಿ ಹತ್ತಿ ಕಾಗೆಯನ್ನು ಕರೆದರು.