ಮುಟ್ಟದ ಸಂಜೆ

ಇಡೀ ದಿನ ಸ್ಟೀರಿಂಗ್ ತಿರುಗಿಸಿದ ತೋಳು ಇವತ್ತು ಮೇಲೇಳಲೇ ಇಲ್ಲ. ಬಸ್ ಡ್ರೈವರು ಅಕ್ವೇರಿಯಂ ಮುಂದಿನ ಕುರ್ಚಿಯಲ್ಲಿ ಕುಸಿದರು. ನೀರಿನ ಪಂಪು ಬಿದ್ದು ಮುರಿದಿದ್ದ ಜೀವಂತ ಹವಳವನ್ನು ಅಂಟಿಸಿ ತಿಂಗಳಾಗಿತ್ತು. ಚೇತರಿಸಿತೇ ಎಂದು ದಿನಾ ಸಂಜೆ ನೀರಿಗೆ ಕೈಹಾಕಿ ಸವರುವರು. ಬೆರಳು ತಾಗಿದೊಡನೆ ಅದು ಮುದುಡುವುದು. ಆಮೇಲೆ ಊಟಕ್ಕೆ ಕೂತಾಗ, ಗಂಡನ ಮನೆ ಬಿಟ್ಟು ಬಂದ ಮಗಳನ್ನು ಕೇಳುವರು: "ಏನಾಯ್ತು ಅಂತ ಹೇಳಬಾರ್ದಾ?" ಅವಳು ತಟ್ಟೆ ಬಿಟ್ಟು ಏಳುವಳು.

"ಇವತ್ತು ಮುಟ್ಟಲ್ವಾ ಅಪ್ಪಾ?" ಮಗಳು ಪಕ್ಕದಲ್ಲಿ ಬಂದು ಕೂತಳು.

"ಸುಸ್ತು ಕಣಮ್ಮಾ. ಹೇಗಿದ್ಯೋ ಹಾಗಿರ್ಲಿ ಬಿಡು."

ಇಬ್ಬರೂ ಸುಮ್ಮನೆ ನೋಡುತ್ತ ಕೂತರು. ಹವಳದ ಮುರಿದ ಅಂಚಿನಿಂದ ಬೆರಳಿನಂಥ ಸಣ್ಣ ಜೀವದೆಳೆಯೊಂದು ಮೆಲ್ಲಗೆ ಹೊರಬಂದು ನೀರಿನಲ್ಲಿ ತೊನೆಯಿತು. ಹಿಂದೆಯೇ ಇನ್ನೊಂದು. ಡ್ರೈವರ ಸೋತ ಕೈ ತಾನಾಗಿ ಎದ್ದಿತು. ಅವರು ಅದನ್ನು ತೊಡೆಯಡಿ ಅದುಮಿಟ್ಟುಕೊಂಡರು.

"ಅಪ್ಪಾ," ಎಂದಳು ಮಗಳು, ಗಾಜಿನಿಂದ ಕಣ್ಣು ಕೀಳದೆ, "ಅವತ್ತು ಏನಾಯ್ತು ಅಂದ್ರೆ..."