ಸೊನ್ನೆ ಪುಸ್ತಕಗಳು

ಹತ್ತೂಕಾಲಿಗೆ ಒಂಬತ್ತು ಸಾವಿರದ ನಾನೂರ ಹನ್ನೆರಡು ಪುಸ್ತಕಗಳು ಮಾಯವಾದವು. ನಡುಮನೆಯಲ್ಲಿ ಕೂತಿದ್ದ ಅಕ್ಕ ತನ್ನ ಲ್ಯಾಪ್‌ಟಾಪಿನಲ್ಲಿ 'ಹುಡುಕು' ಒತ್ತಿದಾಗ ಪರದೆ ಹೇಳಿದ್ದು ಇಷ್ಟೇ: 'ಒಟ್ಟು ಪುಸ್ತಕಗಳು: 0.'

ಅವಳು ಗ್ರಂಥಪಾಲಕಿ. ಎರಡು ವರ್ಷ, ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ಗ್ರಂಥಾಲಯದ ಹಳೇ ಕಾರ್ಡುಗಳನ್ನು ಮುಂದಿಟ್ಟುಕೊಂಡು ಇಡೀ ಪಟ್ಟಿಯನ್ನು ಕೈಯಾರೆ ಟೈಪು ಮಾಡಿದ್ದಳು. ಪಟ್ಟಿ ಇದ್ದದ್ದು ಮೆಟ್ಟಿಲ ಕೆಳಗಿನ ಲಿನಕ್ಸ್ ಕಂಪ್ಯೂಟರಿನಲ್ಲಿ ತಮ್ಮ ಕಟ್ಟಿಕೊಟ್ಟಿದ್ದ ವರ್ಚುವಲ್ ಮಷೀನಿನಲ್ಲಿ. ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಬಾಡಿಗೆಗಿರುವ ಇನ್ನೊಂದು ಕಂಪ್ಯೂಟರಿನಲ್ಲಿ. ಹನ್ನೊಂದಕ್ಕೆ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಅದನ್ನು ನೋಡಲು ಮನೆಗೇ ಬರುವವರಿದ್ದರು. ಅವರು ಒಪ್ಪಿದರೆ ಸೋಮವಾರದಿಂದ ಪಟ್ಟಿ ಓದುಗರ ಕೈಗೆ. ಇಲ್ಲವಾದರೆ ಮತ್ತೆ ಅದೇ ಕಾರ್ಡು, ಅದೇ ಧೂಳು.

"ನೀನೇನೂ ಹೆದರ್ಬೇಡ, ನಾನಿದ್ದೀನಿ," ಎನ್ನುತ್ತ ತಮ್ಮ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ.

"ಅದಕ್ಕೇ ಹೆದರಿಕೆ," ಅಂದಳು ಅಕ್ಕ.

ತಮ್ಮ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಇಳಿಸಿದ, ಏರಿಸಿದ. 'ಇದ್ದೀಯಾ?' ಎಂದು ಕೇಳುವ ಪಿಂಗ್ ಕಳಿಸಿದ. ಮರುಕ್ಷಣವೇ 'ಇದ್ದೀನಿ' ಎಂದು ಉತ್ತರ ಬಂತು. "ರೋಗಿಗೆ ಜೀವ ಇದೆ," ಎಂದು ದೊಡ್ಡ ಡಾಕ್ಟರ ಗಂಟಲಿನಲ್ಲಿ ಘೋಷಿಸಿದ, "ಆದ್ರೆ ನೆನಪು ಪೂರಾ ಹೋಗಿದೆ. ಜನವರಿಯ ನಕಲು ಪೆನ್‌ಡ್ರೈವಲ್ಲಿದೆ. ಈಗಿರೋದನ್ನ ಒರೆಸಿ ಹಾಕಿ, ಅದನ್ನ ತುಂಬಿಬಿಡ್ತೀನಿ. ಐದೇ ನಿಮಿಷ."

"ಜನವರಿಯಿಂದ ಈಚೆಗೆ ಮೂರು ಸಾವಿರ ಪುಸ್ತಕ ಸೇರಿಸಿದ್ದೀನಿ ಕಣೋ!"

"ಸೊನ್ನೆಗಿಂತ ಆರು ಸಾವಿರ ಮೇಲಲ್ವೇನೇ?"

ಹೇಳಿದವನೇ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಆ ಮಷೀನಿನ ವಿಳಾಸಕ್ಕೆ ಸಂಪರ್ಕ ಕೊಟ್ಟು, ಎಲ್ಲವನ್ನೂ ಒರೆಸುವ ಆಜ್ಞೆಯನ್ನು ಒಂದೇ ಉಸಿರಿನಲ್ಲಿ ಟೈಪಿಸಿದ. ಬೆರಳು ಎಂಟರ್ ಮೇಲೆ ಇಳಿಯುವುದರಲ್ಲಿತ್ತು.

"ತಡಿ!"

ಅಕ್ಕ ಅತ್ತ ತನ್ನ ಪಾಡಿಗೆ 'ಹುಡುಕು' ಒತ್ತುತ್ತಲೇ ಇದ್ದಳು. ಪರದೆಯ ಮೇಲೆ 9,412. ಮತ್ತೆ ಒತ್ತಿದಳು: 0. ಮತ್ತೆ: 0. ಮತ್ತೆ: 9,412.

"ನೆಟ್‌ವರ್ಕಿಗೆ ಇವತ್ತು ಮೂಡ್ ಸರಿ ಇಲ್ಲ," ಅಂದ ತಮ್ಮ.

"ಮೂಡೂ ಇಲ್ಲ, ಮಣ್ಣೂ ಇಲ್ಲ. ಒಂದು ಸಲ ತುಂಬಿದ ಮನೆ, ಒಂದು ಸಲ ಬರಿ ಗೋಡೆ ಅಂದ್ರೆ ಬಾಗಿಲು ತೆಗೆಯೋರು ಇಬ್ಬರಿದ್ದಾರೆ ಅಂತ. ನಿಜ ಹೇಳು, ಇದರದ್ದು ಇನ್ನೊಂದು ಮಾಡಿದ್ದೀಯಾ?"

ತಮ್ಮ ಕತ್ತು ಕೆರೆದುಕೊಂಡ. "ಹೊಸ ತಂತ್ರಾಂಶ ಹೇಗಿದೆ ನೋಡೋಣ ಅಂತ ಒಂದು ತದ್ರೂಪು ಮಾಡಿ, ಒಳಗಿನ ಪುಸ್ತಕ ಎಲ್ಲಾ ತೆಗೆದು, ನನ್ನ ರೂಮಿನ ಕಂಪ್ಯೂಟರಲ್ಲಿ ಇಟ್ಟಿದ್ದೆ. ಈಗಷ್ಟೇ ಆನ್ ಮಾಡ್ದೆ. ಆದ್ರೆ ಅದಕ್ಕೆ ಬೇರೆ ಹೆಸರಿಟ್ಟಿದ್ದೀನಲ್ಲ!"

"ಹೆಸರು ಬೆನ್ನಿಗೆ ಅಂಟಿಸೋ ಚೀಟಿ ಕಣೋ. ಒಳಗಿನ ನಂಬರು ಬದಲಾಯಿಸಿದ್ಯಾ?" ತಮ್ಮ ಮಹಡಿಯ ಮೇಲಿನ ತನ್ನ ರೂಮಿನ ಕಡೆ ನೋಡಿದ. "ನಮ್ಮಲ್ಲಿ ಹೊಸದಾಗಿ ಸೇರಿದೋರು ಮಾಡೋ ಮೊದಲ್ನೇ ತಪ್ಪೇ ಇದು. ಎರಡು ಪುಸ್ತಕಕ್ಕೆ ಒಂದೇ ನಂಬರು ಹೊಡೆದುಬಿಡ್ತಾರೆ. ಆಮೇಲೆ ಓದೋರು ನಂಬರು ಬರೆದುಕೊಟ್ರೆ, ಯಾವುದು ಮೊದಲು ಕೈಗೆ ಸಿಗುತ್ತೋ ಅದೇ ಅವರ ಹಣೆಬರಹ. ಹೋಗು, ಮೇಲಿನದರ ತಂತಿ ಕಿತ್ತು ಬಾ."

ಅವಳ ಮಾತು ಅಕ್ಷರಶಃ ನಿಜವಾಗಿತ್ತು. ತದ್ರೂಪಿನ ಜೊತೆ ಅದರ ಗುರುತಿನ ಸಂಖ್ಯೆಯೂ ನಕಲಾಗಿ, ಮನೆಯ ರೂಟರು ಇಬ್ಬರನ್ನೂ ಒಬ್ಬರೇ ಎಂದು ನಂಬಿ, ಇಬ್ಬರಿಗೂ ಒಂದೇ ವಿಳಾಸ ಕೊಟ್ಟು ನೆಮ್ಮದಿಯಾಗಿ ದೀಪ ಮಿಟುಕಿಸುತ್ತ ಕೂತಿತ್ತು. ತಮ್ಮ ಎರಡೆರಡು ಮೆಟ್ಟಿಲು ಹಾರಿ ಹೋಗಿ ತಂತಿ ಕಿತ್ತ. ಅಕ್ಕ ಏಳು ಸಲ ಹುಡುಕಿದಳು. ಏಳು ಸಲವೂ 9,412.

ಹನ್ನೊಂದಕ್ಕೆ ಸರಿಯಾಗಿ ಬಂದ ಅಧ್ಯಕ್ಷರು, ಅಧ್ಯಕ್ಷರಾದವರು ಮಾಡುವಂತೆಯೇ, ಮೊದಲು ತಮ್ಮದೇ ಕವನ ಸಂಕಲನವನ್ನು ಹುಡುಕಿದರು. ಪರದೆ ನಿರ್ದಾಕ್ಷಿಣ್ಯವಾಗಿ ಹೇಳಿತು: 'ಪ್ರತಿಗಳು: 2. ಕಪಾಟಿನಲ್ಲಿ: 2. ಈವರೆಗೆ ಎರವಲು ಪಡೆದವರು: 0.'

"ಇದು ಸರೀನೇನಮ್ಮಾ?"

"ಸರಿ ಸರ್. ಕಾರ್ಡಲ್ಲೂ ಹಾಗೇ ಇದೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸೋಮವಾರದಿಂದ್ಲೇ ಶುರು ಮಾಡಿಬಿಡಿ. ಪುಸ್ತಕ ಇದೆ ಅನ್ನೋದಾದ್ರೂ ಜನಕ್ಕೆ ಗೊತ್ತಾಗ್ಲಿ."

ಅವರು ಗೇಟು ದಾಟುತ್ತಲೇ ತಮ್ಮ ಅವರದೇ ಮೂಗಿನ ದನಿಯಲ್ಲಿ "ಇದು ಸರೀನೇನಮ್ಮಾ?" ಎಂದು ಸೋಫಾದ ಮೇಲೆ ಬಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಕಪ್ಪು ಕಿಟಕಿ ಇನ್ನೂ ತೆರೆದೇ ಇತ್ತು. ಒರೆಸುವ ಆಜ್ಞೆಯೂ ಟೈಪಾದ ಹಾಗೇ ನಿಂತಿತ್ತು.

"ಆಗ ನಾನು ಒತ್ತಿದ್ರೂ ಏನೂ ಆಗ್ತಿರ್ಲಿಲ್ಲ ಕಣೇ. ಈ ಕಿಟಕಿ ಮಾತಾಡ್ತಿದ್ದದ್ದು ಮೇಲಿನ ಖಾಲಿ ಬುರುಡೆ ಜೊತೆ."

"ಅದರ ತಂತಿ ಕಿತ್ತು ಒಂದು ಗಂಟೆ ಆಯ್ತು. ಹಾಗಾದ್ರೆ ಈ ಕಿಟಕಿ ಈಗ ಸತ್ತಿರಬೇಕು, ಅಲ್ವಾ? ಬದುಕಿದ್ರೆ, ಅದು ಮಾತಾಡ್ತಿದ್ದದ್ದು ಮೆಟ್ಟಿಲ ಕೆಳಗಿನದರ ಜೊತೆ ಅಂತ."

"ಸತ್ತೇ ಇರುತ್ತೆ. ಯಾವ ಕೀ ಒತ್ತಿದ್ರೂ ಮಿಸುಕಲ್ಲ. ನೋಡ್ತೀಯಾ?" ಅವನ ಬೆರಳು ಎಂಟರ್ ಕಡೆಗೆ ಹೊರಟಿತು. ಅಕ್ಕ ಅದನ್ನು ಹಿಡಿದು ಬ್ಯಾಕ್‌ಸ್ಪೇಸ್ ಮೇಲಿಟ್ಟಳು. "ಇದನ್ನ ಒತ್ತು."

ತಮ್ಮ ನಗುತ್ತಲೇ ಒತ್ತಿದ.

ಸಾಲಿನ ಕೊನೆಯ ಅಕ್ಷರ ಅಳಿಸಿಹೋಯಿತು.