ಸಾಲಿನ ಮೊದಲಿಗ

"ಸಾಲಿನ ಕೊನೆ ಇಲ್ಲಿ" ಎಂದು ಬರೆದ ಫಲಕವನ್ನು ಮುಂದಿದ್ದ ಹೆಂಗಸು ತಲೆಬಾಗಿ ಕೈಗಿತ್ತಾಗಲೇ ಸದಯೊ ಸಿಕ್ಕಿಬಿದ್ದಳು. ಕೊನೆಯಲ್ಲಿ ನಿಂತವರು ಅದನ್ನು ಹಿಡಿಯಬೇಕು. ಹಿಂದೆ ಇನ್ನೊಬ್ಬರು ಬರುವವರೆಗೆ ಕದಲುವಂತಿಲ್ಲ. ಒಸಾಕಾದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬೆಳಗ್ಗೆ ಕೋಟೆ ನೋಡಿದ್ದಾಯಿತು, ಗೋಪುರದ ಬುಡದಲ್ಲಿ ಫೋಟೊ ತೆಗೆಸಿಕೊಂಡದ್ದಾಯಿತು. ಅವಳ ಅತ್ತೆ ಹತ್ಸುಯೆಗೆ ಅವೆಲ್ಲ ನೆಪ. ಬೇಕಿದ್ದದ್ದು ಈ ಅಂಗಡಿಯ ತಾಕೊಯಾಕಿ: ಪಡ್ಡಿನಂತೆ ಗುಂಡಗೆ ಬೇಯಿಸಿ, ನಡುವೆ ಆಕ್ಟೋಪಸ್ ತುಂಡು ಹುದುಗಿಸಿದ್ದು. ಅವರ ಬಾಯಲ್ಲಿ ಒಂದಕ್ಕೊಂದು ತಾಗುವ ಹಲ್ಲು ಉಳಿದಿದ್ದವು ಎರಡೇ. ನಾಳೆ ಅವನ್ನೂ ಕೀಳುತ್ತಾರೆ. ಊರಿನ ಬಸ್ಸು ನಾಲ್ಕಕ್ಕೆ.

"ಕೋಟೆ ನೋಡೋಕೆ ಹಲ್ಲು ಬೇಕಿರಲಿಲ್ಲ," ಅತ್ತೆ ಗೊಣಗಿದರು. "ಮೊದಲು ಇಲ್ಲಿಗೇ ಬರಬೇಕಿತ್ತು ಕಣೇ."

ಮಧ್ಯಾಹ್ನ ಎರಡಾದರೂ ಅಂಗಡಿಯ ಶಟರ್ ಏಳಲಿಲ್ಲ. ನಿಂತವರೆಲ್ಲ ಪರವೂರಿನವರು, ಯಾರಿಗೂ ಏನೂ ಗೊತ್ತಿಲ್ಲ. ಎಲ್ಲರಿಗಿಂತ ಮುಂದೆ, ಒದ್ದೆ ಬಟ್ಟೆ ಮುಚ್ಚಿದ ಬಕೆಟ್ ಹಿಡಿದ ಅಜ್ಜನೊಬ್ಬ ಹತ್ತು ಗಂಟೆಯಿಂದ ನಿಂತಿದ್ದಾನಂತೆ. ಅವನ ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಬಂತು: ಮೂವತ್ತು ವರ್ಷದಲ್ಲಿ ಈ ಅಂಗಡಿ ಒಂದು ದಿನವೂ ತಡವಾಗಿ ತೆರೆದದ್ದಿಲ್ಲ, ಇವತ್ತೇ ಹೀಗೆ. ಎಂಥ ನಿಷ್ಠೆಯ ಗಿರಾಕಿ ಎಂದು ಸಾಲಿಗೆ ಸಾಲೇ ತಲೆದೂಗಿತು.

ಮೂರಕ್ಕೆ ದಂಪತಿಗಳಿಬ್ಬರು ಬಂದು ಹಿಂದೆ ನಿಂತರು. ಸದಯೊ ಫಲಕ ದಾಟಿಸಿ, ಜಾಗ ಕಾಯಲು ಅತ್ತೆಯನ್ನು ಬಿಟ್ಟು, ನಾಚಿಕೆ ನುಂಗಿಕೊಂಡು ಮುಂದಕ್ಕೆ ಹೋದಳು. ಅಜ್ಜನಿಗೆ ಎರಡು ಹಲ್ಲಿನ ಕಥೆ ಹೇಳಿದಳು.

"ನಿಮ್ಮ ಜಾಗ ನಮ್ಮತ್ತೆಗೆ ಬಿಟ್ಟುಕೊಡ್ತೀರಾ, ಅಜ್ಜ?"

ಅಜ್ಜನ ಕಣ್ಣು ತುಂಬಿ ಬಂತು. "ಬಿಟ್ಟುಕೊಡ್ತೀನಿ ತಾಯಿ. ಬೆಳಗ್ಗೆ ಮಂಡಿನೋವಿಗೆ ಇಲ್ಲಿ ಒಂದು ಗಳಿಗೆ ನಿಂತೆ, ಅಷ್ಟರಲ್ಲಿ ಹಿಂದೆ ಸಾಲು ಕಟ್ಟಿತು; ಆಗಿನಿಂದ ಒಬ್ಬರೂ ಕೇಳಲಿಲ್ಲ. ಹಿಂದೆ ಇಷ್ಟು ಜನ ನಿಂತಿರುವಾಗ ನಾನಾಗೇ ಸಾಲು ಮುರಿದು ಹೋದರೆ ಚೆನ್ನಾಗಿರುತ್ತಾ?"

ಹತ್ಸುಯೆ ಓಡೋಡಿ ಬಂದು ಅವನ ಜಾಗದಲ್ಲಿ ನಿಂತರು. ನೋವು ಹಿಡಿದ ಮಂಡಿ ನೀವಿಕೊಳ್ಳುತ್ತ ಅಜ್ಜ ಪಕ್ಕಕ್ಕೆ ಸರಿದ.

ಆಮೇಲೆ ಸೊಂಟದ ಬೀಗದಕೈ ಬಿಚ್ಚಿ ಶಟರ್ ಎತ್ತಿದ, ಒಳಗೆ ಹೋಗಿ ಬಕೆಟ್ಟಿನಿಂದ ಆಕ್ಟೋಪಸ್ ತೆಗೆದು ಹಲಗೆಯ ಮೇಲಿಟ್ಟ, "ತಡವಾಯಿತು, ಕ್ಷಮಿಸಿ. ಎಷ್ಟು ಕೊಡಲಿ?" ಎಂದ.